ಬೇಕಲದ ಕೋಟೆ

ಕಾಸರಗೋಡಿನಿಂದ ದಕ್ಷಿಣಕ್ಕೆ ಸುಮಾರು 16 ಕಿ.ಮೀ. ದೂರದಲ್ಲಿ, ಕಡಲಿಗೆ ಚಾಚಿದ ಗುಡ್ಡದ ಮೇಲೆ ಬೇಕಲದ ಕೋಟೆಯಿದೆ. ಕೆಳದಿಯ ಶಿವಪ್ಪ ನಾಯಕನು ಸುಮಾರು 1650ರಲ್ಲಿ ಇದನ್ನು ಕಟ್ಟಿಸಿದನೆಂದು ಪ್ರತೀತಿ. ಮಲೆನಾಡಿನ ಅರಸನಿಗೆ ಕಡಲ ತಡಿಯ ಕೋಟೆ ಏಕೆ ಬೇಕಾಯಿತು? ಮೆಣಸು ಮತ್ತು ಅಕ್ಕಿಯ ವ್ಯಾಪಾರವೆಲ್ಲ ಕರಾವಳಿಯ ರೇವುಗಳ ಮೂಲಕವೇ ನಡೆಯುತ್ತಿತ್ತು. ಆ ದಶಕದಲ್ಲೇ ಪೋರ್ಚುಗೀಸರನ್ನು ಹೊನ್ನಾವರ, ಬಸರೂರು, ಮಂಗಳೂರುಗಳಿಂದ ಹೊರದೂಡಿದವನೂ ಶಿವಪ್ಪ ನಾಯಕನೇ.

ಊರಿನ ಚಳಿಗಾಲವೆಂದರೆ ನಮಗೆ ಇಲ್ಲಿನ ಬೇಸಿಗೆ ರಜೆಯಷ್ಟೆ. ಬಾಕ್ಸ್ ಹಿಲ್ಲಿನಿಂದ ಹೋದ ನಾವಿಬ್ಬರೂ ಜನವರಿಯ ಒಂದು ಬೆಳಿಗ್ಗೆ ಕೋಟೆ ನೋಡಿದೆವು. ಚಳಿಯೆಂಬುದು ಹೆಸರಿಗೆ ಮಾತ್ರ. ಹತ್ತು ಗಂಟೆಗೇ ನೆರಳು ಹುಡುಕಬೇಕಾಯಿತು. ಬಾಗಿಲ ಬಳಿಯ ಆಂಜನೇಯನ ಗುಡಿ ದಾಟಿದರೆ ದಾರಿ ಅಂಕುಡೊಂಕು. ಶತ್ರು ನೇರವಾಗಿ ನುಗ್ಗಲಾರ. ಗೋಡೆಯಲ್ಲಿ ಕೋವಿಕಿಂಡಿಗಳು ಮೇಲಿನಿಂದ ಕೆಳಕ್ಕೆ ಸಾಲಾಗಿವೆ: ದೂರದವನಿಗೊಂದು, ಹತ್ತಿರದವನಿಗೊಂದು, ಬುಡಕ್ಕೇ ಬಂದವನಿಗೊಂದು.

ರಸಾಯನಶಾಸ್ತ್ರದವರಾದ ನಮಗೆ ಗೋಡೆಯ ಕಲ್ಲೇ ಹೆಚ್ಚು ಕುತೂಹಲ ತಂದಿತು. ಇದು ಕರಾವಳಿಯ ಮುರಕಲ್ಲು, ಘಟ್ಟದ ಮೇಲಿನವರ ಜಂಬಿಟ್ಟಿಗೆ. ಯುಗಯುಗಗಳ ಮಳೆ ಬಂಡೆಯಿಂದ ಸುಣ್ಣ, ಸಿಲಿಕಗಳನ್ನು ತೊಳೆದೊಯ್ದು ಕಬ್ಬಿಣ, ಅಲ್ಯುಮಿನಿಯಂ ಆಕ್ಸೈಡುಗಳನ್ನು ಉಳಿಸುತ್ತದೆ. ನೆಲದಿಂದ ಕಡಿಯುವಾಗ ಮೆತ್ತಗಿದ್ದು, ಗಾಳಿಗೆ ಒಣಗಿ ಗಟ್ಟಿಯಾಗುತ್ತದೆ. ಫ್ರಾನ್ಸಿಸ್ ಬುಕಾನನ್ 1807ರ ತನ್ನ ಪ್ರವಾಸ ಗ್ರಂಥದಲ್ಲಿ ಇದಕ್ಕೆ ‘ಲ್ಯಾಟರೈಟ್’ ಎಂಬ ಹೆಸರು ಕೊಟ್ಟ. ಲ್ಯಾಟಿನ್ನಿನಲ್ಲಿ ಇಟ್ಟಿಗೆ ಎಂದರ್ಥ. ನಮ್ಮವರೂ ಜಂಬಿಟ್ಟಿಗೆಯೆಂದಾಗ ಕಂಡದ್ದು ಅದನ್ನೇ.

1763ರಲ್ಲಿ ಕೆಳದಿ ರಾಜ್ಯ ಹೈದರನ ವಶವಾದಾಗ ಈ ಕೋಟೆಯೂ ಅವನ ಪಾಲಾಯಿತು. 1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಗೆ ಸೇರಿತು. ದಕ್ಷಿಣ ಕನ್ನಡದಲ್ಲಿ ಬೇಕಲ ಎಂಬ ತಾಲ್ಲೂಕೇ ಇತ್ತು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಹೋಯಿತು. 1967ರ ಮಹಾಜನ ವರದಿ ಚಂದ್ರಗಿರಿ ಹೊಳೆಯ ಉತ್ತರ ಭಾಗವನ್ನು ಕರ್ನಾಟಕಕ್ಕೆ ಕೊಡಬೇಕೆಂದಿತು. ಅದು ಜಾರಿಗೆ ಬರಲಿಲ್ಲ. ಆದರೆ ಬೇಕಲ ಹೊಳೆಯ ದಕ್ಷಿಣಕ್ಕಿದೆ. ವರದಿ ಜಾರಿಯಾಗಿದ್ದರೂ ಕನ್ನಡದ ಅರಸ ಕಟ್ಟಿಸಿದ ಈ ಕೋಟೆ ಕೇರಳದಲ್ಲೇ ಉಳಿಯುತ್ತಿತ್ತು.

ಕೋಟೆಯಿಂದ ಭಾಷೆ ಉಳಿಯುವುದಿಲ್ಲ ಎಂಬುದು ಇಲ್ಲಿ ಸ್ಪಷ್ಟವಾಗುತ್ತದೆ. ಹೊಳೆಯ ಉತ್ತರಕ್ಕೆ, ಮಂಜೇಶ್ವರ, ಕುಂಬಳೆಗಳಲ್ಲಿ ಕನ್ನಡ ಉಳಿದಿರುವುದು ಮನೆಗಳಲ್ಲಿ, ಶಾಲೆಗಳಲ್ಲಿ, ಯಕ್ಷಗಾನದ ಬಯಲಿನಲ್ಲಿ. ಕಡಲಾಚೆಗೆ ಬಂದ ನಮ್ಮ ಸಂಸಾರಗಳಿಗೂ ಇದು ಅನ್ವಯಿಸುವ ಮಾತು. ಮುಂದಿನ ರಜೆಗೆ ಮಂಗಳೂರಿಗೆ ಹೋಗುವ ಸದಸ್ಯರು ಮಕ್ಕಳೊಡನೆ ಒಂದು ದಿನವನ್ನು ಇದಕ್ಕಾಗಿ ತೆಗೆದಿಡಲಿ. ದಾರಿಯಲ್ಲೇ ಗೋವಿಂದ ಪೈಗಳ ಮಂಜೇಶ್ವರ ಸಿಗುತ್ತದೆ. ಅಲ್ಲಿ ಇಳಿಯದೆ ಹೋಗಬಾರದು.