ಕೆರೆ ಹೂಳಿನ ಕೀಟಾವಶೇಷಗಳು ಮತ್ತು ಪ್ರಾಚೀನ ಹವಾಮಾನ

ಕೆರೆ, ಸರೋವರಗಳ ತಳದಲ್ಲಿ ಪದರ ಪದರವಾಗಿ ಕೂತ ಹೂಳಿನಲ್ಲಿ ಉಳಿದ ಕೀಟಗಳ ಚೂರುಗಳನ್ನು ಗುರುತಿಸಿ, ಆ ಕಾಲದ ಉಷ್ಣತೆಯನ್ನೂ ನೀರಿನ ಸ್ಥಿತಿಯನ್ನೂ ಅಂದಾಜು ಮಾಡುವುದು ಪ್ರಾಚೀನ ಹವಾಮಾನ ವಿಜ್ಞಾನದ ಒಂದು ಕವಲು. ಕೀಟದ ಹೊರಕವಚ ಕೈಟಿನ್ ಎಂಬ ಗಟ್ಟಿ ವಸ್ತುವಿನದು. ಮಾಂಸ ಕೊಳೆತು ಹೋದರೂ ಗಾಳಿಯಾಡದ ಒದ್ದೆ ಕೆಸರಿನಲ್ಲಿ ಕವಚ ಸಾವಿರಾರು ವರ್ಷ ಕೆಡದೆ ಉಳಿಯುತ್ತದೆ. ಒಂದು ಜಾತಿಯ ಕೀಟ ಇಂದು ಎಷ್ಟು ಚಳಿ, ಎಷ್ಟು ಬಿಸಿಲು ತಾಳುತ್ತದೋ ಅಂದೂ ಅಷ್ಟನ್ನೇ ತಾಳುತ್ತಿತ್ತು ಎಂಬ ನಂಬಿಕೆಯ ಮೇಲೆ ಇಡೀ ಲೆಕ್ಕಾಚಾರ ನಿಂತಿದೆ.

ಈ ವಿದ್ಯೆಗೆ ಮೊದಲು ಬುನಾದಿ ಹಾಕಿದ್ದು ಜೀರುಂಡೆಗಳು. 1950ರ ದಶಕದಲ್ಲಿ ಬರ್ಮಿಂಗ್‌ಹ್ಯಾಮ್‌ನ ಭೂವಿಜ್ಞಾನಿ ರಸೆಲ್ ಕೂಪ್ ಇಂಗ್ಲೆಂಡಿನ ಅಪ್ಟನ್ ವಾರನ್ ಎಂಬಲ್ಲಿನ ಜಲ್ಲಿ ಗುಂಡಿಯ ಕೆಸರಿನಿಂದ ಜೀರುಂಡೆಗಳ ರೆಕ್ಕೆಕವಚಗಳನ್ನು ಆಯತೊಡಗಿದರು. ಹಿಮಯುಗದ ಕೀಟಗಳೆಲ್ಲ ಅಳಿದುಹೋದ ಜಾತಿಗಳೇ ಇರಬೇಕೆಂದು ಆವರೆಗೆ ಬಹುಮಂದಿ ತಿಳಿದಿದ್ದರು. ಕೂಪ್ ಅವರ ಮಾದರಿಗಳಲ್ಲಿ ಹೆಚ್ಚಿನವು ಇಂದಿಗೂ ಬದುಕಿರುವ ಜಾತಿಗಳೇ ಆಗಿದ್ದವು. ಊರು ಮಾತ್ರ ಬದಲಾಗಿತ್ತು. 1973ರಲ್ಲಿ ಅವರು ವರದಿ ಮಾಡಿದ ಒಂದು ಸಗಣಿ ಜೀರುಂಡೆ, ಅಫೋಡಿಯಸ್ ಹೋಲ್ಡರೆರಿ, ಈಗ ಟಿಬೆಟ್ ಪ್ರಸ್ಥಭೂಮಿಯಲ್ಲಿ ಸಿಗುತ್ತದೆ. ಹಿಮಯುಗದಲ್ಲಿ ಅದು ಇಂಗ್ಲೆಂಡಿನ ಸಗಣಿಯಲ್ಲಿ ಆಡಿಕೊಂಡಿತ್ತು. 1987ರಲ್ಲಿ ಆಟ್ಕಿನ್ಸನ್, ಬ್ರಿಫಾ ಮತ್ತು ಕೂಪ್ ಒಂದೇ ಪದರದಲ್ಲಿ ಸಿಕ್ಕ ಹಲವು ಜಾತಿಗಳ ಸಹನೆಯ ಮಿತಿಗಳನ್ನು ಒಂದರ ಮೇಲೊಂದು ಹೊಂದಿಸಿ, ಎಲ್ಲವೂ ಕೂಡಿ ಬದುಕಬಹುದಾದ ಉಷ್ಣತೆಯ ವ್ಯಾಪ್ತಿಯನ್ನು ಹಿಡಿದರು. ಬ್ರಿಟನ್ನಿನ 22,000 ವರ್ಷಗಳ ಬೇಸಿಗೆ, ಚಳಿಗಾಲಗಳ ಚಿತ್ರ ಅದರಿಂದ ಮೂಡಿತು.

ಸರೋವರದ ಹೂಳಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಕೈರೊನೊಮಿಡ್ ಎಂಬ ಕುಟುಂಬ. ನೋಡಲು ಸೊಳ್ಳೆಯಂತಿದ್ದರೂ ಇವು ಕಚ್ಚುವುದಿಲ್ಲ. ರೆಕ್ಕೆ ಬಂದ ಮೇಲಿನ ಬದುಕು ಕೆಲವೇ ದಿನಗಳದು. ಉಳಿದ ಆಯುಷ್ಯವೆಲ್ಲ ನೀರಿನ ತಳದ ಕೆಸರಿನಲ್ಲಿ ಮರಿಹುಳುವಾಗಿ ಕಳೆಯುತ್ತದೆ. ಅಕ್ವೇರಿಯಂ ಮೀನಿಗೆ ಹಾಕುವ ಕೆಂಪು ಹುಳು ಇದೇ. ಹಿಮೋಗ್ಲೋಬಿನ್ ಇರುವುದರಿಂದ ಆಮ್ಲಜನಕ ಕಡಿಮೆಯಿರುವ ಕೆಸರಿನಲ್ಲೂ ಅದಕ್ಕೆ ಉಸಿರಿದೆ. ಹುಳು ನಾಲ್ಕು ಹಂತಗಳಲ್ಲಿ ಬೆಳೆಯುತ್ತ ಪ್ರತಿಸಲವೂ ತಲೆಯ ಕವಚವನ್ನು ಕಳಚುತ್ತದೆ. ಮೊದಲೆರಡು ಹಂತಗಳ ತೆಳು ಕವಚ ಸಾಮಾನ್ಯವಾಗಿ ಕರಗಿಹೋಗುತ್ತದೆ, ಕೊನೆಯೆರಡರದು ಹೂಳಿನಲ್ಲಿ ಉಳಿಯುತ್ತದೆ. ಪ್ರಯೋಗಾಲಯದಲ್ಲಿ ಹೂಳನ್ನು ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ದ್ರಾವಣದಲ್ಲಿ ಬಿಸಿ ಮಾಡಿ, ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ಕಣ್ಣಿನ ಜರಡಿಯಲ್ಲಿ ತೊಳೆದು, ಸೂಕ್ಷ್ಮದರ್ಶಕದ ಕೆಳಗೆ ಸಣ್ಣ ಚಿಮುಟದಿಂದ ತಲೆಗಳನ್ನು ಒಂದೊಂದಾಗಿ ಹೆಕ್ಕುತ್ತಾರೆ. ಬಾಯಿಯ ಬಳಿ ಗರಗಸದಂತಿರುವ ಹಲ್ಲುಸಾಲಿನ ಆಕಾರ ನೋಡಿ ಗುಂಪು ನಿರ್ಧಾರವಾಗುತ್ತದೆ. ಒಂದು ಮಾದರಿಗೆ ಕನಿಷ್ಠ 50 ತಲೆಗಳಾದರೂ ಬೇಕು. ಕಣ್ಣಿಗೂ ತಾಳ್ಮೆಗೂ ಇದು ಕಷ್ಟದ ಕೆಲಸ.

ಜರ್ಮನಿಯ ಆಗಸ್ಟ್ ಥಿನೆಮಾನ್ 20ನೆಯ ಶತಮಾನದ ಆರಂಭದಲ್ಲೇ ತಳದ ಹುಳುಗಳನ್ನು ನೋಡಿ ಸರೋವರಗಳನ್ನು ವರ್ಗೀಕರಿಸಿದ್ದರು. ಆ ಹುಳುಗಳಿಂದ ಉಷ್ಣತೆಯ ಅಂಕಿಗಳನ್ನೇ ಹೊರಡಿಸುವ ಕೆಲಸಕ್ಕೆ ದೊಡ್ಡ ತಳ್ಳು ಸಿಕ್ಕಿದ್ದು 1991ರಲ್ಲಿ. ಆ ವರ್ಷ ಇಯಾನ್ ವಾಕರ್ ಮತ್ತು ಸಂಗಡಿಗರು ಕೆನಡಾದ ಪೂರ್ವ ತೀರದ ಹೂಳಿನಲ್ಲಿ, ಹಿಮಯುಗ ಮುಗಿಯುವ ಹೊತ್ತಿಗೆ ಹಠಾತ್ತನೆ ಮರುಕಳಿಸಿದ ಚಳಿಯ ಗುರುತನ್ನು ತೋರಿಸಿದರು. ಉಷ್ಣವಲಯಕ್ಕೆ ಬಂದರೆ ಲೆಕ್ಕ ತಿರುಗುತ್ತದೆ. ಇಲ್ಲಿನ ತಗ್ಗುನಾಡಿನಲ್ಲಿ ಉಷ್ಣತೆಗಿಂತ ಮಳೆಯ ಏರಿಳಿತ ದೊಡ್ಡದು. ನೀರು ಇಳಿದಾಗ ಉಪ್ಪು ಏರುತ್ತದೆ, ಉಪ್ಪು ತಾಳುವ ಜಾತಿಗಳು ಹೆಚ್ಚುತ್ತವೆ. ಹಿಲ್ಡೆ ಎಗ್ಗರ್‌ಮಾಂಟ್ ಮತ್ತು ಡರ್ಕ್ ವರ್ಷುರೆನ್ ಪೂರ್ವ ಆಫ್ರಿಕಾದ ಸರೋವರಗಳಲ್ಲಿ ಉಪ್ಪಿನ ಈ ಲೆಕ್ಕವನ್ನು ಬೆಳೆಸಿದರು. ದಖ್ಖನ್ನಿಗೆ ಹತ್ತಿರವಾದ ಮಾದರಿ ಅದು.

ದಖ್ಖನ್ನಿನ ಉದಾಹರಣೆಯಾಗಿ ತೆಲಂಗಾಣದ ನಾರಾಯಣಪೇಟೆ, ಮಕ್ತಲ್, ಗದ್ವಾಲಗಳ ಸೀಮೆಯನ್ನು ನೋಡಬಹುದು. ಇದು ಕೃಷ್ಣೆಯ ಎರಡೂ ದಡಗಳಲ್ಲಿ ಹಬ್ಬಿದೆ. ಭೀಮೆ ಬಂದು ಕೃಷ್ಣೆಯನ್ನು ಕೂಡುವುದು ಇದರ ಅಂಚಿನಲ್ಲಿಯೇ. ಗದ್ವಾಲ ತಾಲ್ಲೂಕು 1956ರವರೆಗೆ ರಾಯಚೂರು ಜಿಲ್ಲೆಯಲ್ಲಿತ್ತು. ಕರ್ನಾಟಕದ ಗಡಿಯ ಊರುಗಳಲ್ಲಿ ಕನ್ನಡ ಇಂದಿಗೂ ಮನೆಮಾತು. ಮಳೆ ಕಡಿಮೆಯಾದ ಈ ಕಲ್ಲುನೆಲದಲ್ಲಿ ನೀರು ನಿಲ್ಲುವುದು ಹೆಚ್ಚಾಗಿ ಜನ ಕಟ್ಟಿದ ಕೆರೆಗಳಲ್ಲಿ, ತೆಲುಗಿನಲ್ಲಿ ಚೆರುವುಗಳಲ್ಲಿ. ಕೀಟ ಓದುವವರಿಗೆ ಕೆರೆ ಒಗ್ಗುವುದು ಕಷ್ಟ. ಬೇಸಿಗೆಯಲ್ಲಿ ಅಂಗಳ ಒಣಗಿ ಬಿರುಕು ಬಿಟ್ಟರೆ ಈ ವರ್ಷದ ಮಣ್ಣು ಹಳೆಯ ಪದರಕ್ಕೆ ಜಾರುತ್ತದೆ, ಗಾಳಿ ತಾಗಿದ ಕೈಟಿನ್ ಕೊಳೆಯುತ್ತದೆ, ದನಕರು ತುಳಿದು ಪದರಗಳು ಕಲಸಿಹೋಗುತ್ತವೆ. ಏರಿಯ ಬುಡದ ಆಳವಾದ ಜಾಗ ಕೊನೆಗೆ ಒಣಗುವುದರಿಂದ ಹೂಳು ಕೆಡದೆ ಸಿಗುವ ಸಾಧ್ಯತೆ ಅಲ್ಲಿ ಹೆಚ್ಚು.

ಮನುಷ್ಯನ ಕೈಯೂ ಇದರಲ್ಲಿದೆ. ಹೂಳು ತೆಗೆದು ಹೊಲಕ್ಕೆ ಹೊಡೆಯುವುದು ರೈತರ ಹಳೆಯ ರೂಢಿ. 2015ರಲ್ಲಿ ತೆಲಂಗಾಣ ಸರ್ಕಾರ ಆರಂಭಿಸಿದ ಮಿಷನ್ ಕಾಕತೀಯ ಯೋಜನೆ ಅದನ್ನೇ ರಾಜ್ಯದಾದ್ಯಂತ ಜೆಸಿಬಿ, ಟ್ರ್ಯಾಕ್ಟರುಗಳಿಂದ ಮಾಡಿಸಿತು. ಹೊಲಕ್ಕೆ ಒಳ್ಳೆಯದೇ ಆಯಿತು, ಕೆರೆಯಲ್ಲಿ ನೀರೂ ಹೆಚ್ಚು ನಿಂತಿತು. ಆದರೆ ಅಗೆದ ಕಡೆಯಲ್ಲೆಲ್ಲ ದಾಖಲೆಯ ಮೇಲಿನ ಪುಟಗಳು ಹೋದವು. ಕದಡದ ಹೂಳು ಸಿಕ್ಕಲ್ಲಿ ಸೀಸ-210 ಪರೀಕ್ಷೆ ಸುಮಾರು 150 ವರ್ಷಗಳ ಕಾಲಮಾನ ಕೊಡುತ್ತದೆ. 1963ರ ಹೊತ್ತಿಗೆ ತುತ್ತತುದಿ ಮುಟ್ಟಿದ ಅಣುಬಾಂಬ್ ಪರೀಕ್ಷೆಗಳ ಸೀಸಿಯಮ್-137 ಅದೇ ಹೂಳಿನಲ್ಲಿ ಒಂದು ಗೂಟದಂತೆ ನಿಂತಿರುತ್ತದೆ.

ಇನ್ನೂ ಹಿಂದಕ್ಕೆ ಹೋಗಲು ಈ ಸೀಮೆಯಲ್ಲಿರುವ ದಾಖಲೆ ಬೂದಿದಿಬ್ಬ. ಆಗಿನ ಮಹಬೂಬ್‌ನಗರ ಜಿಲ್ಲೆಯ ಉತ್ನೂರಿನಲ್ಲಿ 1957ರಲ್ಲಿ ಎಫ್. ಆರ್. ಆಲ್ಚಿನ್ ಅಗೆದಾಗ, ಪದೇ ಪದೇ ಸುಟ್ಟ ಸಗಣಿಯ ಪದರಗಳ ನಡುವೆ ದೊಡ್ಡಿಯ ಬೇಲಿಯ ಗುರುತುಗಳೂ ದನಗಳ ಗೊರಸಿನ ಅಚ್ಚುಗಳೂ ಸಿಕ್ಕವು. ಕ್ರಿ.ಪೂ. ಮೂರನೆಯ ಸಹಸ್ರಮಾನದಷ್ಟು ಹಳೆಯ ದನಗಾಹಿಗಳ ನೆಲೆ ಅದು. ಇಂಗ್ಲೆಂಡಿನ ಕೆಸರು ಸಗಣಿ ಜೀರುಂಡೆಯನ್ನು ಕಾಪಾಡಿತು. ಇಲ್ಲಿ ಸಗಣಿಯೇ ಬೂದಿಯಾಗಿದ್ದರಿಂದ ಕೀಟದ ಕವಚಕ್ಕೆ ಉಳಿಯುವ ದಾರಿ ಇರಲಿಲ್ಲ.

ಆ ದನಗಾಹಿಗಳ ಕಾಲದ ಮಳೆಯನ್ನು ಅರಿಯಲು ಆದ್ದರಿಂದ ದೂರದ ಹೂಳಿಗೆ ಹೋಗಬೇಕಾಗುತ್ತದೆ. ಮಹಾರಾಷ್ಟ್ರದ ಬುಲ್ಢಾಣಾ ಜಿಲ್ಲೆಯ ಲೋಣಾರ್, ಉಲ್ಕೆ ಬಿದ್ದು ಆದ ಉಪ್ಪುನೀರಿನ ಸರೋವರ. ಅದರ ತಳದಿಂದ ತೆಗೆದ ಸುಮಾರು 10 ಮೀಟರ್ ಉದ್ದದ ಹೂಳಿನ ಕಂಬ ಕಳೆದ 11,000 ವರ್ಷಗಳನ್ನು ಹಿಡಿದಿದೆ. ಅದರ ಕೆಲವು ಪದರಗಳಲ್ಲಿ ಗೇಲುಸೈಟ್ ಎಂಬ ಖನಿಜದ ಹರಳುಗಳಿವೆ. ನೀರು ಬತ್ತಿ ಗಾಢವಾದಾಗ ಕಟ್ಟುವ ಹರಳು ಇದು, ಬರದ ಸಾಕ್ಷಿ. 2014ರಲ್ಲಿ ಸುಷ್ಮಾ ಪ್ರಸಾದ್ ಮತ್ತು ಸಂಗಡಿಗರು ಎರಡು ದೀರ್ಘ ಬರಗಾಲಗಳನ್ನು ಗುರುತಿಸಿದರು: ಒಂದು ಇಂದಿಗೆ 4,600ರಿಂದ 3,900 ವರ್ಷಗಳ ಹಿಂದೆ, ಇನ್ನೊಂದು 2,000ದಿಂದ 600 ವರ್ಷಗಳ ಹಿಂದೆ. ಗೋದಾವರಿ ಮುಖದ ಆಚೆ ಕಡಲ ತಳದಿಂದ ತೆಗೆದ ಹೂಳಿನಲ್ಲಿ ಎಲೆಗಳ ಮೇಣದ ಇಂಗಾಲವನ್ನು ಪರೀಕ್ಷಿಸಿ 2012ರಲ್ಲಿ ಪ್ರಕಟವಾದ ಅಧ್ಯಯನವೂ ಸುಮಾರು 4,000 ವರ್ಷಗಳ ಹಿಂದಿನಿಂದ ಒಳನಾಡು ಒಣಗುತ್ತ ಬಂದದ್ದನ್ನು ಹೇಳುತ್ತದೆ. ಲೋಣಾರಿನ ಮೊದಲ ಬರದ ಶತಮಾನಗಳು ಉತ್ನೂರಿನ ದೊಡ್ಡಿಗಳ ಕಾಲದೊಂದಿಗೆ ಬಹುಮಟ್ಟಿಗೆ ಕೂಡುತ್ತವೆ.