ಗಳಿಗೆ ಬಟ್ಟಲಿನಿಂದ ಉಪಗ್ರಹದವರೆಗೆ: ಒಂದು ಸೆಕೆಂಡಿನ ಚರಿತ್ರೆ

ನಮ್ಮ ಬಳಗದಲ್ಲಿ ಹವ್ಯಾಸಿ ರೇಡಿಯೊದ ಗೀಳು ಹತ್ತಿಸಿಕೊಂಡವರು ಮೂವರಿದ್ದೇವೆ. ಮುಂಬೈಯ ಉಪನಗರವೊಂದರ ಏಳನೆಯ ಮಹಡಿಯಲ್ಲಿ, ನಮ್ಮಲ್ಲೊಬ್ಬರ ಮನೆಯ ಸಣ್ಣ ಕೋಣೆಯೇ ನಮ್ಮ ರೇಡಿಯೊ ನಿಲಯ. ಅಲ್ಲಿಗೆ ಈಚೆಗೆ ಹೊಸದೊಂದು ಉಪಕರಣ ಬಂದಿದೆ. ಊಟದ ಡಬ್ಬಿಯಷ್ಟೇ ಗಾತ್ರದ ಲೋಹದ ಪೆಟ್ಟಿಗೆ. ಮೇಲೆ ಮಿನುಗುವ ಒಂದು ಪುಟ್ಟ ದೀಪ. ಅದರಿಂದ ಧ್ವನಿ ಹೊರಡುವುದಿಲ್ಲ, ಚಿತ್ರ ಮೂಡುವುದಿಲ್ಲ. ಸೆಕೆಂಡಿಗೆ ಸರಿಯಾಗಿ ಒಂದು ಕೋಟಿ ಬಾರಿ, ಎಂದರೆ 10 ಮೆಗಾಹರ್ಟ್ಸ್‌ನಲ್ಲಿ, ಕಂಪಿಸುವ ಸಂಕೇತವೊಂದನ್ನು ಹಗಲಿರುಳೂ ಹೊರಡಿಸುತ್ತಿರುವುದಷ್ಟೇ ಅದರ ಕೆಲಸ. ಉಪಗ್ರಹಗಳ ಸಮಯಕ್ಕೆ ತನ್ನನ್ನು ತಾನೇ ತಿದ್ದಿಕೊಳ್ಳುವ ಕಂಪನಾಂಕ ಮಾನಕ ಅದು. ಮನೆಯವರು ಕೇಳಿದ ಪ್ರಶ್ನೆ ಸಹಜವಾದದ್ದೇ: "ಇದರಿಂದ ಆಗುವುದೇನು?" ಆ ಪ್ರಶ್ನೆಗೆ ಉತ್ತರ ಹುಡುಕುತ್ತ ಹೊರಟ ನಾವು ಬಹಳ ಹಿಂದಕ್ಕೆ ಹೋಗಬೇಕಾಯಿತು.

ನಮ್ಮ ಹಿರಿಯರು ಕಾಲವನ್ನು ಅಳೆಯುತ್ತಿದ್ದುದು ಗಳಿಗೆ ಬಟ್ಟಲಿನಿಂದ. ತಳದಲ್ಲಿ ಸಣ್ಣ ರಂಧ್ರವಿರುವ ತಾಮ್ರದ ಬಟ್ಟಲನ್ನು ನೀರಿನ ಮೇಲೆ ತೇಲಬಿಟ್ಟರೆ ಅದು ತುಂಬಿ ಮುಳುಗುವ ಹೊತ್ತಿಗೆ ಒಂದು ಗಳಿಗೆ, ಎಂದರೆ 24 ನಿಮಿಷ. ಅರವತ್ತು ಗಳಿಗೆಗೆ ಒಂದು ದಿನ. ರಂಧ್ರದಲ್ಲಿ ಕಸ ಸಿಕ್ಕಿದರೆ ಗಳಿಗೆ ಹಿಗ್ಗುತ್ತದೆ; ಸವೆದು ದೊಡ್ಡದಾದರೆ ಕುಗ್ಗುತ್ತದೆ. ಆದರೂ ಆ ತಪ್ಪು ದಿನದಿಂದ ದಿನಕ್ಕೆ ಬೆಳೆದು ಬೆಟ್ಟವಾಗುತ್ತಿರಲಿಲ್ಲ. ಏಕೆಂದರೆ ಸೂರ್ಯೋದಯದೊಂದಿಗೆ ಎಣಿಕೆ ಮತ್ತೆ ಮೊದಲಿನಿಂದ ಆರಂಭವಾಗುತ್ತಿತ್ತು. ಕ್ಷಣಕ್ಷಣದ ಎಣಿಕೆ ಮನೆಯ ಬಟ್ಟಲಿನದು, ದೀರ್ಘಕಾಲದ ತಿದ್ದುಪಡಿ ಆಕಾಶದ್ದು. ಈ ಒಂದು ಮಾತನ್ನು ಓದುಗರು ನೆನಪಿನಲ್ಲಿಟ್ಟುಕೊಂಡರೆ ಮುಂದಿನದೆಲ್ಲವೂ ಅದರ ವಿಸ್ತರಣೆಯೇ ಎಂಬುದು ತಿಳಿಯುತ್ತದೆ.

1792ರಲ್ಲಿ ಈಸ್ಟ್ ಇಂಡಿಯಾ ಕಂಪನಿ ಮದ್ರಾಸಿನಲ್ಲಿ ಕಟ್ಟಿಸಿದ ವೀಕ್ಷಣಾಲಯವೂ ಮಾಡಿದ್ದು ಇದನ್ನೇ. ಅಲ್ಲಿನ ದೂರದರ್ಶಕವನ್ನು ಹೊತ್ತಿದ್ದ ಗ್ರಾನೈಟ್ ಕಂಬ ಚೆನ್ನೈಯ ನುಂಗಂಬಾಕ್ಕಂನ ಹವಾಮಾನ ಕಚೇರಿಯ ಆವರಣದಲ್ಲಿ ಇಂದಿಗೂ ನಿಂತಿದೆ. ಆ ನಗರದಲ್ಲಿರುವ ನಮ್ಮ ಓದುಗರು ನೋಡಿ ಬರಬಹುದು. ಗೊತ್ತಾದ ನಕ್ಷತ್ರವೊಂದು ನೆತ್ತಿಯ ರೇಖೆಯನ್ನು ದಾಟುವ ಕ್ಷಣವನ್ನು ಗುರುತಿಸಿ, ಲೋಲಕದ ಗಡಿಯಾರ ಎಷ್ಟು ತಪ್ಪಿದೆಯೆಂದು ಲೆಕ್ಕಹಾಕುವುದು ಖಗೋಳಜ್ಞರ ನಿತ್ಯದ ಕೆಲಸ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಆ ಸಮಯ ತಂತಿಯ ಮೂಲಕ ದೇಶದ ರೈಲು ನಿಲ್ದಾಣಗಳಿಗೆ ಹರಿಯಿತು. ಊರಿನ ಸೂರ್ಯ ಒಂದು ಹೇಳಿದರೆ ನಿಲ್ದಾಣದ ಗಡಿಯಾರ ಇನ್ನೊಂದು ಹೇಳತೊಡಗಿತು.

1906ರ ಜನವರಿ 1ರಂದು ಭಾರತೀಯ ಪ್ರಮಾಣ ಸಮಯ ಜಾರಿಗೆ ಬಂದಾಗ ಮುಂಬೈ ಅದನ್ನು ಸುಲಭವಾಗಿ ಒಪ್ಪಲಿಲ್ಲ. ಇಲ್ಲಿಯ ಸ್ಥಳೀಯ ಸಮಯ ಹೊಸ ಸಮಯಕ್ಕಿಂತ 39 ನಿಮಿಷ ಹಿಂದಿತ್ತು. ಗಡಿಯಾರದ ಮುಳ್ಳು ಮುಂದಕ್ಕೆ ಸರಿದರೆ ಗಿರಣಿಯ ಕೂಲಿಕಾರ ಅಷ್ಟು ಬೇಗ, ಇನ್ನೂ ಕತ್ತಲಿರುವಾಗಲೇ, ಬಾಗಿಲಲ್ಲಿ ನಿಲ್ಲಬೇಕು. ಅದೇ ತಿಂಗಳು ಗಿರಣಿ ಕಾರ್ಮಿಕರು ಪ್ರತಿಭಟನೆಗೆ ಇಳಿದರು. ನಗರದಲ್ಲಿ 'ಬಾಂಬೆ ಟೈಮ್' ಎಂಬುದು 1950ರ ದಶಕದವರೆಗೂ ಉಳಿದುಕೊಂಡಿತ್ತು. ನಾವು ವಾಸಿಸುವ ನಗರ ನಮಗೆ ಕಲಿಸುವ ಪಾಠ ಇದು: ಸಮಯವನ್ನು ಎಷ್ಟು ನಿಖರವಾಗಿ ಅಳೆಯಬಹುದು ಎಂಬುದು ಒಂದು ಪ್ರಶ್ನೆ, ಅದು ಯಾರ ಸಮಯ ಎಂಬುದು ಇನ್ನೊಂದು.

ರೇಡಿಯೊ ಬಂದಮೇಲೆ ಮೊದಲ ಪ್ರಶ್ನೆಗೆ ತುರ್ತು ಒದಗಿತು. ಆಕಾಶವಾಣಿಯ ಒಂದೊಂದು ಕೇಂದ್ರಕ್ಕೂ ಒಂದೊಂದು ಸ್ಥಾನವಿರುವಂತೆ ಹವ್ಯಾಸಿಗಳಿಗೂ ಕಂಪನಾಂಕಗಳ ನಿಗದಿತ ಪಟ್ಟಿಗಳಿವೆ. ಬೇಲಿ ದಾಟಿದರೆ ಅದು ಅನ್ಯರ ಹೊಲ. ಆದರೆ ತನ್ನ ಪ್ರೇಷಕ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತಿದೆ ಎಂದು ಹವ್ಯಾಸಿ ತಿಳಿಯುವುದು ಹೇಗೆ? 1923ರಲ್ಲಿ ಅಮೆರಿಕದ ರಾಷ್ಟ್ರೀಯ ಮಾನಕ ಸಂಸ್ಥೆಯ ಡಬ್ಲ್ಯುಡಬ್ಲ್ಯುವಿ ಎಂಬ ಕೇಂದ್ರ ಅಳೆದಿಟ್ಟ ಕಂಪನಾಂಕಗಳನ್ನೇ ಪ್ರಸಾರ ಮಾಡತೊಡಗಿತು. ಅಂಗಡಿಯವನು ತನ್ನ ತೂಕದ ಬಟ್ಟನ್ನು ಸರಕಾರಿ ಮುದ್ರೆಯ ಬಟ್ಟಿನೊಡನೆ ಹೋಲಿಸಿಕೊಳ್ಳುವಂತೆ, ಕೇಳುಗರು ತಮ್ಮ ಯಂತ್ರಗಳನ್ನು ಅದರೊಡನೆ ಹೋಲಿಸಿಕೊಂಡರು. ನಮ್ಮಲ್ಲಿಯೂ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯ ಎಟಿಎ ಎಂಬ ಸಂಕೇತನಾಮದಲ್ಲಿ 5, 10 ಮತ್ತು 15 ಮೆಗಾಹರ್ಟ್ಸ್‌ಗಳಲ್ಲಿ ಇಂಥ ಪ್ರಸಾರ ನಡೆಸುತ್ತಿತ್ತು. ಈಗ ಆ ಧ್ವನಿ ನಿಂತಿದೆ.

ಇದೇ ಕಾಲದಲ್ಲಿ ಮನೆಯ ಬಟ್ಟಲೂ ಬದಲಾಯಿತು. ಕ್ವಾರ್ಟ್ಸ್ ಹರಳನ್ನು ಒತ್ತಿದರೆ ವಿದ್ಯುತ್ತು, ವಿದ್ಯುತ್ತು ಹಾಯಿಸಿದರೆ ಕಂಪನ. ಈ ಗುಣವನ್ನು ಕ್ಯೂರಿ ಸಹೋದರರು 1880ರಲ್ಲಿಯೇ ಕಂಡಿದ್ದರು. 1920ರ ದಶಕದಲ್ಲಿ ವಾಲ್ಟರ್ ಕೇಡಿ ಅದನ್ನು ರೇಡಿಯೊ ಮಂಡಲಕ್ಕೆ ತಂದರು. 1927ರಲ್ಲಿ ವಾರೆನ್ ಮ್ಯಾರಿಸನ್ ಬೆಲ್ ಪ್ರಯೋಗಾಲಯದಲ್ಲಿ ಅದರಿಂದ ಗಡಿಯಾರವನ್ನೇ ಮಾಡಿದರು. ಹರಳು ಲೋಲಕಕ್ಕಿಂತ ಎಷ್ಟೋ ಪಾಲು ಸ್ಥಿರ. ಆದರೂ ಸೆಕೆಗೆ ಒಂದು ಬಗೆ, ಚಳಿಗೆ ಒಂದು ಬಗೆ; ವರ್ಷ ಕಳೆದಂತೆ ಅದಕ್ಕೂ ಮುಪ್ಪು. ಇತ್ತ ಶಾರ್ಟ್‌ವೇವ್ ಪ್ರಸಾರಕ್ಕೂ ಒಂದು ಮಿತಿಯಿತ್ತು. ಅದು ಅಯಾನುಮಂಡಲಕ್ಕೆ ಬಡಿದು ಬರುವಾಗ, ಆ ಪದರವೇ ಏರಿಳಿಯುವುದರಿಂದ, ಕಂಪನಾಂಕ ತುಸು ಅಲುಗುತ್ತದೆ. ಹೀಗೆ ಹೋಲಿಸಿ ಕೋಟಿಗೆ ಒಂದಂಶದಷ್ಟು ನಿಖರತೆ ಸಿಕ್ಕರೆ ಹವ್ಯಾಸಿಗೆ ಅದೇ ದೊಡ್ಡದು.

ತಿರುವು ಬಂದದ್ದು 1957ರ ಅಕ್ಟೋಬರಿನಲ್ಲಿ. ಸ್ಪುಟ್ನಿಕ್ ಭೂಮಿಯನ್ನು ಸುತ್ತುತ್ತ 20 ಮೆಗಾಹರ್ಟ್ಸ್‌ನ ಆಸುಪಾಸಿನಲ್ಲಿ ಬೀಪ್ ಬೀಪ್ ಎನ್ನುತ್ತಿತ್ತು. ಪ್ರಪಂಚದ ಹವ್ಯಾಸಿಗಳೆಲ್ಲ ಕಿವಿಗೊಟ್ಟಿದ್ದರು. ಅಮೆರಿಕದ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಖ್ ಎಂಬ ಇಬ್ಬರು ಯುವ ವಿಜ್ಞಾನಿಗಳು ಬರಿದೇ ಕೇಳಲಿಲ್ಲ, ಅಳೆದರು. ಹತ್ತಿರ ಬರುವ ರೈಲಿನ ಸಿಳ್ಳು ಕೀರಲಾಗಿಯೂ ದೂರ ಸರಿಯುವಾಗ ಗಡುಸಾಗಿಯೂ ಕೇಳುವಂತೆ ಉಪಗ್ರಹದ ಕಂಪನಾಂಕವೂ ಏರಿ ಇಳಿಯುತ್ತಿತ್ತು. ಆ ಏರಿಳಿತವೊಂದರಿಂದಲೇ ಅವರು ಅದರ ಕಕ್ಷೆಯನ್ನು ಲೆಕ್ಕ ಹಾಕಿದರು. ಅವರ ಹಿರಿಯ ಸಹೋದ್ಯೋಗಿ ಫ್ರಾಂಕ್ ಮೆಕ್‌ಕ್ಲೂರ್ ಮರುವರ್ಷ ಪ್ರಶ್ನೆಯನ್ನು ತಿರುಗಿಸಿ ಕೇಳಿದರು: ಕಕ್ಷೆ ಗೊತ್ತಿದ್ದರೆ ಕೇಳುವವನು ಎಲ್ಲಿದ್ದಾನೆಂದು ಹೇಳಲಾದೀತೇ? ಉಪಗ್ರಹಗಳಿಂದ ದಾರಿ ತಿಳಿಯುವ ವಿದ್ಯೆ ಹುಟ್ಟಿದ್ದು ಹೀಗೆ, ಕಂಪನಾಂಕವನ್ನು ಅಳೆಯುವುದರಿಂದ.

ಅಷ್ಟರಲ್ಲಿ ಗಡಿಯಾರವೂ ಪರಮಾಣುವಿನೊಳಕ್ಕೆ ಹೊಕ್ಕಿತ್ತು. 1955ರಲ್ಲಿ ಇಂಗ್ಲೆಂಡಿನ ಟೆಡಿಂಗ್ಟನ್‌ನಲ್ಲಿ ಲೂಯಿ ಎಸ್ಸೆನ್ ಮತ್ತು ಜ್ಯಾಕ್ ಪ್ಯಾರಿ ಸೀಸಿಯಂ ಗಡಿಯಾರವನ್ನು ನಡೆಸಿ ತೋರಿಸಿದರು. 1967ರಲ್ಲಿ ಸೆಕೆಂಡಿನ ವ್ಯಾಖ್ಯೆಯೇ ಭೂಮಿಯ ಚಲನೆಯನ್ನು ಬಿಟ್ಟು ಸೀಸಿಯಂನ 9,192,631,770 ಕಂಪನಗಳಾಯಿತು. ಇಂಥ ಗಡಿಯಾರಗಳನ್ನು ಹೊತ್ತ ಜಿಪಿಎಸ್ ಉಪಗ್ರಹಗಳಲ್ಲಿ ಮೊದಲನೆಯದು 1978ರಲ್ಲಿ ಏರಿತು. 1995ರಲ್ಲಿ ವ್ಯವಸ್ಥೆ ಪೂರ್ಣಗೊಂಡಿತು. ನಮಗೆ ಅದು ದಾರಿ ತೋರಿಸುವ ಸಾಧನ. ವಸ್ತುತಃ ಅದು ಆಕಾಶದಲ್ಲಿ ತೂಗುಹಾಕಿದ ಗಡಿಯಾರಗಳ ಮಾಲೆ. ಹಲವು ಗಡಿಯಾರಗಳ ಸಂಕೇತ ಎಷ್ಟೆಷ್ಟು ತಡವಾಗಿ ಬಂತೆಂಬುದರಿಂದಲೇ ಸ್ಥಾನದ ಲೆಕ್ಕ. ಐನ್‌ಸ್ಟೈನರ ಸಾಪೇಕ್ಷತೆಯಿಂದಾಗಿ ಆ ಎತ್ತರದ ಗಡಿಯಾರ ದಿನಕ್ಕೆ ಸುಮಾರು 38 ಮೈಕ್ರೊಸೆಕೆಂಡಿನಷ್ಟು ವೇಗವಾಗಿ ಓಡುತ್ತದೆ; ಅದಕ್ಕಾಗಿ ನೆಲದ ಮೇಲಿರುವಾಗಲೇ ಅದನ್ನು ತುಸು ನಿಧಾನಕ್ಕೆ ಹೊಂದಿಸಿ ಕಳಿಸುತ್ತಾರೆ. ಆ ತಿದ್ದುಪಡಿ ಇಲ್ಲದಿದ್ದರೆ ನಮ್ಮ ಮೇಜಿನ ಪೆಟ್ಟಿಗೆಯೂ ತಪ್ಪುತ್ತಿತ್ತು.

ಪೆಟ್ಟಿಗೆಯ ಒಳಗಿನ ವ್ಯವಹಾರ ಗಳಿಗೆ ಬಟ್ಟಲಿನದೇ. ಒಳಗೆ ಪುಟ್ಟ ಒಲೆಯೊಂದರ ಬೆಚ್ಚಗೆಯಲ್ಲಿ ಕ್ವಾರ್ಟ್ಸ್ ಹರಳು ಕೂತಿದೆ. ಜಿಪಿಎಸ್ ಗ್ರಾಹಕ ಸೆಕೆಂಡಿಗೊಮ್ಮೆ ಒಂದು ಮಿಡಿತ ಕೊಡುತ್ತದೆ. ಈ ಮಿಡಿತ ಒಂದೊಂದಾಗಿ ನೋಡಿದರೆ ಕೆಲವು ಹತ್ತು ನ್ಯಾನೊಸೆಕೆಂಡು ಅತ್ತಿತ್ತ ಅಲುಗುತ್ತದೆ. ಆದರೆ ದಿನವಿಡೀ ಎಣಿಸಿದರೆ ತಪ್ಪುವುದೇ ಇಲ್ಲ. ಹರಳಿನ ಸ್ವಭಾವ ಇದಕ್ಕೆ ಸರಿಯಾಗಿ ವಿರುದ್ಧ: ಈ ಕ್ಷಣದಲ್ಲಿ ನಯ, ದಿನಗಳೆದಂತೆ ಜಾರುವಿಕೆ. ಆದ್ದರಿಂದ ಯಂತ್ರ ಹಲವು ನಿಮಿಷಗಳ ಸರಾಸರಿ ನೋಡಿ ಹರಳನ್ನು ಮೆಲ್ಲನೆ ತಿದ್ದುತ್ತದೆ. ಆತುರದಲ್ಲಿ ತಿದ್ದಿದರೆ ಮಿಡಿತದ ಅಲುಗಾಟ ಹರಳಿಗೂ ಅಂಟುತ್ತದೆ. ತೀರ ತಡಮಾಡಿದರೆ ಹರಳು ದಾರಿ ತಪ್ಪುತ್ತದೆ.

ಹವ್ಯಾಸಿಗಳ ಕೈಗೆ ಈ ವಿದ್ಯೆಯನ್ನು ಕೊಟ್ಟವರಲ್ಲಿ ಬ್ರೂಕ್ಸ್ ಶೆರಾ ಪ್ರಮುಖರು; 1998ರ ಜುಲೈ ತಿಂಗಳ 'ಕ್ಯುಎಸ್‌ಟಿ' ಪತ್ರಿಕೆಯಲ್ಲಿ ಅವರ ವಿನ್ಯಾಸ ಪ್ರಕಟವಾಯಿತು. ಆಗ ಅಮೆರಿಕದ ಸೇನೆ ಸಾರ್ವಜನಿಕರ ಜಿಪಿಎಸ್ ಸಂಕೇತವನ್ನು ಬೇಕೆಂದೇ ಕೆಡಿಸಿ ಕಳಿಸುತ್ತಿತ್ತು. ಸರಾಸರಿಯ ತಾಳ್ಮೆಯಿಂದಲೇ ಆ ಕೆಡುಕನ್ನು ಸೋಸಬೇಕಾಗಿತ್ತು. 2000ದ ಮೇ ತಿಂಗಳಲ್ಲಿ ಅಧ್ಯಕ್ಷರ ಆದೇಶದಿಂದ ಅದು ನಿಂತಿತು. ಮುಂದೆ ಮೊಬೈಲ್ ಗೋಪುರಗಳಿಂದ ಕಳಚಿದ ಹಳೆಯ ಪೆಟ್ಟಿಗೆಗಳು ಗುಜರಿಗೆ ಬಂದವು. ಪ್ರಯೋಗಾಲಯಗಳ ಸೊತ್ತಾಗಿದ್ದ ನಿಖರತೆ ಮಧ್ಯಮವರ್ಗದ ಮನೆ ಹೊಕ್ಕಿತು.

ನಮ್ಮ ಪೆಟ್ಟಿಗೆಯೂ ಅಂಥದೇ ಗುಜರಿಯ ಸರಕು. ಮೊದಲು ಅದರ ಅಂಗೈಯಗಲದ ಆಂಟೆನಾವನ್ನು ಕಿಟಕಿಯ ಸರಳಿಗೆ ಕಟ್ಟಿದೆವು. ಅರ್ಧ ಆಕಾಶ ಮಾತ್ರ ಕಾಣುತ್ತಿತ್ತು. ಎದುರಿನ ಕಟ್ಟಡಕ್ಕೆ ಬಡಿದು ಬಂದ ಸಂಕೇತಗಳು ಲೆಕ್ಕವನ್ನು ಕದಡುತ್ತಿದ್ದವು. ದೀಪ ಹತ್ತುವುದು, ಆರುವುದು. ತಾರಸಿಗೆ ಹೋಗದೆ ಗತಿಯಿರಲಿಲ್ಲ. ಅದು ಸೂಸುವುದಿಲ್ಲ, ಬರಿದೇ ಕೇಳುತ್ತದೆ ಎಂದು ಸೊಸೈಟಿಯ ಸಭೆಗೆ ಮನವರಿಕೆ ಮಾಡಿಸಲು ಎರಡು ತಿಂಗಳು ಹಿಡಿಯಿತು. ಕೊನೆಗೆ ನೀರಿನ ಟ್ಯಾಂಕಿನ ಪಕ್ಕದ ಕೊಳವೆಗೆ ಅದನ್ನು ಬಿಗಿದು ಕೇಬಲ್ ಇಳಿಸಿದೆವು. ಕೇಬಲ್ ಮೀಟರಿಗೆ ಸುಮಾರು 5 ನ್ಯಾನೊಸೆಕೆಂಡು ತಡಮಾಡುತ್ತದೆ, ನಿಜ. ಆ ತಡ ಬದಲಾಗದೆ ಇರುವುದರಿಂದ ಕಂಪನಾಂಕಕ್ಕೆ ಕುಂದಿಲ್ಲ. ಗ್ರಾಹಕ ತನ್ನ ಸ್ಥಾನವನ್ನು ನಿಶ್ಚಯಿಸಿಕೊಳ್ಳಲೆಂದು ಒಂದು ದಿನ ಮುಟ್ಟದೆ ಬಿಟ್ಟೆವು. ಪೆಟ್ಟಿಗೆಯನ್ನು ಫ್ಯಾನಿನ ಗಾಳಿ ತಾಗದ ಮೂಲೆಯಲ್ಲಿಟ್ಟು, ವಿದ್ಯುತ್ತು ಕಡಿಯದಂತೆ ಬ್ಯಾಟರಿಗೆ ಜೋಡಿಸಿದೆವು. ಆರಿಸಿ ಹಚ್ಚಿದರೆ ಹರಳು ಹದಕ್ಕೆ ಬರಲು ಮತ್ತೆ ದಿನಗಟ್ಟಲೆ ಬೇಕು.

ಫಲ ಕಂಡದ್ದು ಕ್ಯುಒ-100 ಎಂಬ ಹವ್ಯಾಸಿ ಉಪಗ್ರಹ ನೆಲೆಯನ್ನು ಕೇಳುವಾಗ. ಪೂರ್ವ ರೇಖಾಂಶ 26ರ ಮೇಲೆ ನಿಂತ ಅದರ ಧ್ವನಿ 10,489 ಮೆಗಾಹರ್ಟ್ಸ್‌ನ ಬಳಿ ಬರುತ್ತದೆ. ಟಿವಿ ಡಿಶ್‌ನ ಮೂತಿಯಲ್ಲಿರುವ ಅಗ್ಗದ ಹರಳು ಹತ್ತು ಲಕ್ಷಕ್ಕೆ ಒಂದಂಶ ತಪ್ಪಿದರೂ ಇಲ್ಲಿ ಹತ್ತು ಕಿಲೊಹರ್ಟ್ಸ್ ಜಾರುತ್ತದೆ. ಒಬ್ಬರ ಮಾತಿಗೆ ಬೇಕಾದ ಜಾಗ ಮೂರಕ್ಕಿಂತ ಕಡಿಮೆ. ಬಿಸಿಲು ಇಳಿದಂತೆ ಧ್ವನಿಗಳು ಕೈಜಾರಿ ಹೋಗುತ್ತಿದ್ದವು. ಡಿಶ್‌ನ ಹರಳನ್ನು ತೆಗೆದು ಪೆಟ್ಟಿಗೆಯ ಸಂಕೇತದಿಂದ ಅದನ್ನು ನಡೆಸಿದ ಸಂಜೆ, ಕೇಳುತ್ತಿದ್ದ ಧ್ವನಿ ಕೂತಲ್ಲೇ ಕೂತಿತು.

ಆದರೆ ಮುಂಬೈ ಕಲಿಸಿದ ಎರಡನೆಯ ಪ್ರಶ್ನೆ ಉಳಿದೇ ಇತ್ತು. ಈ ಸಮಯ ಯಾರದು? ಒಂದು ಆದೇಶದಿಂದ ಸ್ವಚ್ಛವಾದದ್ದು ಇನ್ನೊಂದು ಆದೇಶದಿಂದ ಕದಡಲೂಬಹುದಲ್ಲವೇ? ಭಾರತ ತನ್ನದೇ ನ್ಯಾವಿಕ್ ವ್ಯವಸ್ಥೆಯನ್ನು ಕಟ್ಟಿಕೊಂಡದ್ದರ ಹಿಂದೆ ಈ ಅಳುಕಿದೆ. ಅದರ ಮೊದಲ ಉಪಗ್ರಹ ಏರಿದ್ದು 2013ರ ಜುಲೈ 1ರಂದು. ಅದರ ಜಾಲದ ಸಮಯವನ್ನು ಕಾಯುವ ಕೇಂದ್ರವಿರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳು ಗ್ರಾಮದಲ್ಲಿ. ದಾರಿ ಸುಗಮವಾಗಿರಲಿಲ್ಲ. ಮೊದಲ ಉಪಗ್ರಹದಲ್ಲಿದ್ದ, ವಿದೇಶದಿಂದ ತರಿಸಿದ ಮೂರೂ ರುಬಿಡಿಯಂ ಗಡಿಯಾರಗಳು ಕೆಟ್ಟವು. ಬದಲಿಯಾಗಿ 2017ರ ಆಗಸ್ಟಿನಲ್ಲಿ ಹಾರಿಸಿದ ಉಪಗ್ರಹ ಉಷ್ಣಕವಚ ಕಳಚದೆ ವ್ಯರ್ಥವಾಯಿತು. 2023ರ ಮೇ 29ರಂದು ಏರಿದ ಎನ್‌ವಿಎಸ್-01 ಮೊದಲ ಬಾರಿಗೆ ಸ್ವದೇಶದಲ್ಲೇ ತಯಾರಾದ ರುಬಿಡಿಯಂ ಗಡಿಯಾರವನ್ನು ಹೊತ್ತೊಯ್ದಿತು. ಉಪಗ್ರಹ ನಿರ್ಮಿಸಬಲ್ಲ ದೇಶವೂ ಗಡಿಯಾರಕ್ಕಾಗಿ ಕೈಚಾಚಬೇಕಾಗಿತ್ತೆಂಬುದು ಈ ಚರಿತ್ರೆಯ ಕಹಿ; ಅದನ್ನು ತಾನೇ ಮಾಡಿಕೊಂಡದ್ದು ಅದರ ಸಮಾಧಾನ.

ಮಳೆಗಾಲದ ಒಂದು ರಾತ್ರಿ ತಾರಸಿಯ ಕೇಬಲ್ಲಿನ ಬೆಸುಗೆಗೆ ನೀರಿಳಿದು ನಮ್ಮ ಪೆಟ್ಟಿಗೆ ಆಕಾಶದ ಸಂಪರ್ಕ ಕಳೆದುಕೊಂಡಿತು. ಬೆಳಿಗ್ಗೆ ನೋಡಿದರೆ ಹರಳು ತಾನು ಕಲಿತಿದ್ದ ಲಯವನ್ನೇ ಹಿಡಿದುಕೊಂಡು ನಡೆಯುತ್ತಿತ್ತು. ಜಾರಿದ್ದು ಅತ್ಯಲ್ಪ. ಆ ರಾತ್ರಿಯಿಂದ ನಮಗೊಂದು ಮಾತು ಸ್ಪಷ್ಟವಾಗಿದೆ. ಆಕಾಶದಿಂದ ತಿದ್ದಿಸಿಕೊಳ್ಳುವುದು ಲೇಸು. ಆದರೆ ಅದು ಮೌನವಾದ ಹೊತ್ತಿಗೆ ನಡೆಸುವುದು ಮನೆಯ ಹರಳು. ಆ ಹರಳು ಒಳ್ಳೆಯದಿರಬೇಕು. ಮನೆಯವರ ಪ್ರಶ್ನೆಗೆ ನಮ್ಮ ಉತ್ತರ ಸದ್ಯಕ್ಕೆ ಇಷ್ಟೇ. ಬೆಸುಗೆಯನ್ನು ಬಿಚ್ಚಿ ಒಣಗಿಸಿ, ಈ ಬಾರಿ ರಬ್ಬರ್ ಪಟ್ಟಿ ಸುತ್ತಿ ಭದ್ರಪಡಿಸಿದ್ದೇವೆ.