ಖಾಲಿ ಚೆಕ್ ಕಂಪೆನಿ: ಪ್ರವರ್ತಕರಿಗೆ ಸಿಗುವುದೇನು, ಷೇರುದಾರರಿಗೆ ಉಳಿಯುವುದೇನು?

ಕಾರ್ಖಾನೆಯಿಲ್ಲ, ವಹಿವಾಟಿಲ್ಲ, ಮಾರುವ ಸರಕೂ ಇಲ್ಲ. ಆದರೂ ಷೇರುಪೇಟೆಯಲ್ಲಿ ನೋಂದಣಿಯಾಗಿ ಸಾರ್ವಜನಿಕರಿಂದ ಕೋಟ್ಯಂತರ ಡಾಲರ್ ಸಂಗ್ರಹಿಸುವ ಕಂಪೆನಿಗಳು ಅಮೆರಿಕದಲ್ಲಿವೆ. ಮುಂದೆ ಯಾವುದಾದರೊಂದು ಖಾಸಗಿ ಕಂಪೆನಿಯೊಡನೆ ವಿಲೀನಗೊಳ್ಳುವುದೇ ಅವುಗಳ ಏಕೈಕ ಉದ್ದೇಶ. ಆ ಕಂಪೆನಿ ಯಾವುದೆಂದು ಹಣ ಹೂಡುವಾಗ ಯಾರಿಗೂ ತಿಳಿದಿರುವುದಿಲ್ಲ. ಮೊತ್ತ ಬರೆಯದೆ ಸಹಿ ಹಾಕಿಕೊಟ್ಟ ಚೆಕ್ಕಿನಂತೆ ನಂಬಿಕೆಯ ಮೇಲೆ ನಡೆಯುವ ವ್ಯವಹಾರವಾದ್ದರಿಂದ ಇವುಗಳಿಗೆ ‘ಖಾಲಿ ಚೆಕ್ ಕಂಪೆನಿ’ ಎಂಬ ಹೆಸರು ಬಂದಿದೆ. ಇಂದು ಪ್ರಚಲಿತವಿರುವ ಹೆಸರು ‘ಸ್ಪ್ಯಾಕ್’.

2020ರಲ್ಲಿ ಅಮೆರಿಕದ ಷೇರುಪೇಟೆಗಳಿಗೆ ಸುಮಾರು 250 ಸ್ಪ್ಯಾಕ್‌ಗಳು ಬಂದು ಸುಮಾರು 8,300 ಕೋಟಿ ಡಾಲರ್ ಸಂಗ್ರಹಿಸಿದವು. 2021ರಲ್ಲಿ ಅವುಗಳ ಸಂಖ್ಯೆ 600ನ್ನು ದಾಟಿತು. ಸಂಗ್ರಹವಾದ ಮೊತ್ತ 16,000 ಕೋಟಿ ಡಾಲರಿಗೂ ಅಧಿಕ. ನಂತರ ಉಬ್ಬರ ಇಳಿಯಿತು. ಆದರೆ ಇಂತಹ ಕಂಪೆನಿಗೂ ಅದನ್ನು ಹುಟ್ಟುಹಾಕಿದ ಪ್ರವರ್ತಕರಿಗೂ ನಡುವಣ ಹಣಕಾಸಿನ ವ್ಯವಹಾರ ನ್ಯಾಯಯುತವೇ ಎಂಬ ಪ್ರಶ್ನೆ ಉಳಿದುಕೊಂಡಿತು.

ಹಿನ್ನೆಲೆ

1980ರ ದಶಕದಲ್ಲಿ ಅಮೆರಿಕದಲ್ಲಿ ಚಿಲ್ಲರೆ ಬೆಲೆಯ ಷೇರುಗಳ ಮೂಲಕ ವ್ಯಾಪಕ ವಂಚನೆ ನಡೆಯಿತು. ಖಾಲಿ ಚೆಕ್ ಕಂಪೆನಿಗಳೇ ಇದಕ್ಕೆ ಮುಖ್ಯ ಸಾಧನವಾಗಿದ್ದವು. 1990ರಲ್ಲಿ ಅಲ್ಲಿನ ಸಂಸತ್ತು ಕಾನೂನು ಮಾಡಿತು. 1992ರಲ್ಲಿ ಷೇರು ನಿಯಂತ್ರಣ ಆಯೋಗವು, ಸಂಗ್ರಹಿಸಿದ ಹಣವನ್ನು ಪ್ರತ್ಯೇಕ ಖಾತೆಯಲ್ಲಿಡಬೇಕೆಂಬ 419ನೇ ನಿಯಮವನ್ನು ಜಾರಿಗೆ ತಂದಿತು. ಮರುವರ್ಷ ಡೇವಿಡ್ ನಸ್‌ಬಾಮ್ ಎಂಬ ಹಣಕಾಸು ತಜ್ಞರು ಆ ನಿಯಮದ ರಕ್ಷಣೆಗಳನ್ನು ಬಹುಮಟ್ಟಿಗೆ ಅಳವಡಿಸಿಕೊಂಡು ಸ್ಪ್ಯಾಕ್‌ನ ರೂಪುರೇಷೆ ಸಿದ್ಧಪಡಿಸಿದರು.

ಇದರ ಪ್ರಕಾರ ಸಾರ್ವಜನಿಕರು ಸಾಮಾನ್ಯವಾಗಿ ಷೇರೊಂದಕ್ಕೆ 10 ಡಾಲರ್ ಕೊಡುತ್ತಾರೆ. ಈ ಹಣ ಟ್ರಸ್ಟ್ ಖಾತೆಗೆ ಸೇರಿ ಸರ್ಕಾರಿ ಸಾಲಪತ್ರಗಳಲ್ಲಿ ಹೂಡಿಕೆಯಾಗುತ್ತದೆ. ಸಾಮಾನ್ಯವಾಗಿ 18ರಿಂದ 24 ತಿಂಗಳೊಳಗೆ ವಿಲೀನ ನಡೆಯಬೇಕು; ಇಲ್ಲವಾದರೆ ಹಣವನ್ನು ಬಡ್ಡಿಸಹಿತ ಹಿಂದಿರುಗಿಸಬೇಕು. ವಿಲೀನ ಒಪ್ಪಿಗೆಯಾಗದ ಷೇರುದಾರ ತನ್ನ ಹಣವನ್ನು ವಾಪಸು ಪಡೆಯಬಹುದು. ಈ ಹಕ್ಕೇ ಸಾಮಾನ್ಯ ಹೂಡಿಕೆದಾರನ ಮುಖ್ಯ ಆಸರೆ.

ಪ್ರವರ್ತಕರ ಲೆಕ್ಕ

ಅಮೆರಿಕದಲ್ಲಿ ‘ಸ್ಪಾನ್ಸರ್’ ಎನಿಸಿಕೊಳ್ಳುವ ಪ್ರವರ್ತಕರು ಆರಂಭದಲ್ಲಿ ಸಾಮಾನ್ಯವಾಗಿ 25,000 ಡಾಲರ್ ಮಾತ್ರ ಕೊಟ್ಟು ಸಂಸ್ಥಾಪಕ ಷೇರುಗಳನ್ನು ಪಡೆಯುತ್ತಾರೆ. ಸಾರ್ವಜನಿಕ ನೀಡಿಕೆಯ ಬಳಿಕ ಇವು ಒಟ್ಟು ಷೇರುಗಳ ಶೇ. 20ರಷ್ಟಾಗುತ್ತವೆ. ಇದು ಅವರ ಶ್ರಮಕ್ಕೆ ಪ್ರತಿಫಲ ಎಂಬುದು ಸಮರ್ಥನೆ. ಆದರೆ ಈ ಷೇರುಗಳಿಗೆ ಟ್ರಸ್ಟ್ ಖಾತೆಯ ಹಣದಲ್ಲಿ ಪಾಲಿಲ್ಲ. ವಿಲೀನ ನಡೆಯದಿದ್ದರೆ ಅವುಗಳ ಬೆಲೆ ಸೊನ್ನೆ.

ಇದಲ್ಲದೆ ಪ್ರವರ್ತಕರು ತಮ್ಮ ಕೈಯಿಂದ ಹಣ ಹಾಕಿ ಖಾಸಗಿ ವಾರಂಟ್‌ಗಳನ್ನು ಕೊಳ್ಳುತ್ತಾರೆ. ನಿಗದಿತ ಬೆಲೆಗೆ, ಸಾಮಾನ್ಯವಾಗಿ 11.50 ಡಾಲರಿಗೆ, ಮುಂದೆ ಷೇರು ಕೊಳ್ಳುವ ಹಕ್ಕನ್ನು ಇವು ನೀಡುತ್ತವೆ. ಈ ಹಣದಿಂದ ಷೇರು ನೀಡಿಕೆಯ ಶುಲ್ಕ, ವಕೀಲರ ಹಾಗೂ ಲೆಕ್ಕಪರಿಶೋಧಕರ ವೆಚ್ಚ ಸಾಗುತ್ತದೆ.

ಸಣ್ಣಪುಟ್ಟ ಬಾಬ್ತುಗಳೂ ಇವೆ. ನೀಡಿಕೆಗೆ ಮುನ್ನ ಪ್ರವರ್ತಕರು ಪ್ರಾಮಿಸರಿ ನೋಟಿನ ಮೇಲೆ ಕಂಪೆನಿಗೆ ಬಡ್ಡಿರಹಿತ ಸಾಲ ಕೊಡುತ್ತಾರೆ. ಕಚೇರಿ ಹಾಗೂ ಸಿಬ್ಬಂದಿ ಸೌಲಭ್ಯಕ್ಕೆಂದು ಕಂಪೆನಿಯು ಪ್ರವರ್ತಕರ ಸಂಸ್ಥೆಗೆ ಅನೇಕ ವೇಳೆ ತಿಂಗಳಿಗೆ 10,000 ಡಾಲರ್ ತೆರುತ್ತದೆ. ದುಡಿಯುವ ಬಂಡವಾಳಕ್ಕೆ ಕೊಟ್ಟ ಸಾಲವನ್ನು ವಿಲೀನದ ವೇಳೆ ವಾರಂಟ್‌ಗಳಾಗಿ ಪರಿವರ್ತಿಸಿಕೊಳ್ಳುವ ಅವಕಾಶವೂ ಸಾಮಾನ್ಯ. ವಿಲೀನವಾಗದಿದ್ದರೆ ಸಾಲ ತೀರಿಸಲು ಟ್ರಸ್ಟ್ ಖಾತೆಯನ್ನು ಮುಟ್ಟುವಂತಿಲ್ಲ.

ಇವೆಲ್ಲವೂ ದಾಖಲೆಗಳಲ್ಲಿ ‘ಸಂಬಂಧಿತರೊಡನೆ ವ್ಯವಹಾರ’ ಎಂಬ ತಲೆಬರಹದಡಿ ಇರುತ್ತವೆ. ಒಟ್ಟಾಗಿ ಓದಿದಾಗ ಹೊರಡುವ ಅರ್ಥ ಒಂದೇ: ಒಳ್ಳೆಯದೋ ಕೆಟ್ಟದೋ, ವಿಲೀನವೊಂದು ನಡೆದರೆ ಪ್ರವರ್ತಕರಿಗೆ ಲಾಭ, ನಡೆಯದಿದ್ದರೆ ನಷ್ಟ. ಸಾಮಾನ್ಯ ಷೇರುದಾರನಿಗಾದರೋ ಕೆಟ್ಟ ವಿಲೀನಕ್ಕಿಂತ ಹಣ ವಾಪಸಾಗುವುದೇ ಮೇಲು.

ಮಲ್ಟಿಪ್ಲ್ಯಾನ್ ಪ್ರಕರಣ

ಈ ಹಿತಾಸಕ್ತಿ ಸಂಘರ್ಷ ನ್ಯಾಯಾಲಯದ ಕಟಕಟೆ ಏರಿದ ಪ್ರಮುಖ ಪ್ರಕರಣ ಚರ್ಚಿಲ್ ಕ್ಯಾಪಿಟಲ್ ಕಾರ್ಪ್ 3 ಎಂಬ ಸ್ಪ್ಯಾಕ್‌ನದು. ಬ್ಯಾಂಕರ್ ಮೈಕೇಲ್ ಕ್ಲೈನ್ ಇದರ ಪ್ರವರ್ತಕ ಸಂಸ್ಥೆಯ ಹಿಂದಿದ್ದವರು. 2020ರ ಫೆಬ್ರವರಿಯಲ್ಲಿ ಅದು 110 ಕೋಟಿ ಡಾಲರ್ ಸಂಗ್ರಹಿಸಿತು. ಅದೇ ಅಕ್ಟೋಬರ್‌ನಲ್ಲಿ ಆರೋಗ್ಯ ವಿಮಾ ಕ್ಷೇತ್ರಕ್ಕೆ ವೆಚ್ಚ ನಿಯಂತ್ರಣ ಸೇವೆ ನೀಡುವ ಮಲ್ಟಿಪ್ಲ್ಯಾನ್ ಕಂಪೆನಿಯೊಡನೆ ವಿಲೀನಗೊಂಡಿತು.

ಪ್ರವರ್ತಕ ಸಂಸ್ಥೆ 25,000 ಡಾಲರಿಗೆ ಪಡೆದ 2.75 ಕೋಟಿ ಷೇರುಗಳ ಮೌಲ್ಯ ವಿಲೀನದ ವೇಳೆಗೆ ಸುಮಾರು 30.5 ಕೋಟಿ ಡಾಲರ್ ಆಗಿತ್ತು. ಷೇರಿನ ಬೆಲೆ 5 ಡಾಲರಿಗೆ ಕುಸಿದಿದ್ದರೂ ಆ ಷೇರುಗಳು 13.75 ಕೋಟಿ ಡಾಲರ್ ಬಾಳುತ್ತಿದ್ದವು. 10 ಡಾಲರ್ ತೆತ್ತವನಿಗೆ ಮಾತ್ರ ಅರ್ಧ ಹಣ ಹೋದಂತೆ. ಸ್ಪ್ಯಾಕ್‌ಗೆ ಹಣಕಾಸು ಸಲಹೆ ನೀಡಿದ್ದಕ್ಕಾಗಿ ಕ್ಲೈನ್ ಅವರದೇ ಇನ್ನೊಂದು ಸಂಸ್ಥೆಗೆ 3.05 ಕೋಟಿ ಡಾಲರ್ ಸಂದಾಯವಾಯಿತು.

ಮಲ್ಟಿಪ್ಲ್ಯಾನ್‌ನ ಅತಿದೊಡ್ಡ ಗ್ರಾಹಕ ಸಂಸ್ಥೆಯು ಅದೇ ಸೇವೆಯನ್ನು ಸ್ವತಃ ಆರಂಭಿಸಲಿದೆ ಎಂಬ ಸಂಗತಿಯನ್ನು ತಮಗೆ ತಿಳಿಸಲಿಲ್ಲ, ಹೀಗಾಗಿ ಹಣ ವಾಪಸು ಪಡೆಯಬೇಕೇ ಬೇಡವೇ ಎಂದು ಸರಿಯಾಗಿ ತೀರ್ಮಾನಿಸಲಾಗಲಿಲ್ಲ ಎಂಬುದು ಷೇರುದಾರರ ದೂರು. 2022ರ ಜನವರಿಯಲ್ಲಿ ಡೆಲವೇರ್ ರಾಜ್ಯದ ಚಾನ್ಸರಿ ನ್ಯಾಯಾಲಯವು ಮೊಕದ್ದಮೆಯನ್ನು ವಜಾ ಮಾಡಲು ನಿರಾಕರಿಸಿತು. ಪ್ರವರ್ತಕರ ಲಾಭ ಸಾಮಾನ್ಯ ಷೇರುದಾರರ ಲಾಭಕ್ಕಿಂತ ಭಿನ್ನವಾಗಿರುವುದರಿಂದ ವ್ಯವಹಾರವು ಪೂರ್ಣ ನ್ಯಾಯಯುತವಾಗಿತ್ತೇ ಎಂಬ ಕಠಿಣ ಪರೀಕ್ಷೆಗೆ ಒಳಪಡಬೇಕು ಎಂದಿತು. ತಪ್ಪು ನಡೆದಿದೆಯೆಂಬ ಅಂತಿಮ ತೀರ್ಪು ಬರಲಿಲ್ಲ; ಪ್ರಕರಣ 3.375 ಕೋಟಿ ಡಾಲರಿನ ರಾಜಿಯಲ್ಲಿ ಮುಗಿಯಿತು. ಆದರೆ ಅಂದಿನ ಆದೇಶ ಮುಂದಿನ ಹಲವು ಮೊಕದ್ದಮೆಗಳಿಗೆ ದಾರಿಯಾಯಿತು.

ಉಳಿದವರ ಮೇಲೆ ಹೊರೆ

ಮಾಹಿತಿ ಸಿಕ್ಕವರು ಹಣ ವಾಪಸು ಪಡೆದು ಹೊರಬಿದ್ದರೆ ಉಳಿದವರ ಹೊರೆ ಹೆಚ್ಚುತ್ತದೆ. ಟ್ರಸ್ಟ್ ಖಾತೆ ಬರಿದಾದರೂ ಪ್ರವರ್ತಕರ ಷೇರುಗಳಾಗಲೀ ಶುಲ್ಕಗಳಾಗಲೀ ಅದೇ ಪ್ರಮಾಣದಲ್ಲಿ ತಾವಾಗಿಯೇ ಇಳಿಯುವುದಿಲ್ಲ. ಪ್ರಾಧ್ಯಾಪಕರಾದ ಮೈಕೇಲ್ ಕ್ಲಾಸ್ನರ್, ಮೈಕೇಲ್ ಓಲ್ರಾಗ್ ಹಾಗೂ ಅವರ ಸಂಗಡಿಗರು 2019ರ ಜನವರಿಯಿಂದ 2020ರ ಜೂನ್‌ವರೆಗೆ ವಿಲೀನಗೊಂಡ 47 ಸ್ಪ್ಯಾಕ್‌ಗಳನ್ನು ಅಧ್ಯಯನ ಮಾಡಿದರು. 10 ಡಾಲರ್ ಎಂದು ಲೆಕ್ಕ ಹಾಕಲಾದ ಷೇರಿನ ಹಿಂದೆ ವಿಲೀನದ ಹೊತ್ತಿಗೆ ಉಳಿದಿದ್ದ ನಗದು ಅದಕ್ಕಿಂತ ಬಹಳ ಕಡಿಮೆ ಎಂಬುದು ಅವರು ಕಂಡುಕೊಂಡ ಸತ್ಯ.

ಕರ್ನಾಟಕಕ್ಕೂ ಈ ಮಾರ್ಗ ಅಪರಿಚಿತವಲ್ಲ. ಬೆಂಗಳೂರಿನ ಕಾರು ಬಾಡಿಗೆ ಸಂಸ್ಥೆ ಜೂಮ್‌ಕಾರ್ 2023ರ ಡಿಸೆಂಬರ್‌ನಲ್ಲಿ ಅಮೆರಿಕದ ನಾಸ್ಡಾಕ್ ಷೇರುಪೇಟೆ ಪ್ರವೇಶಿಸಿದ್ದು ಸ್ಪ್ಯಾಕ್ ಮೂಲಕವೇ. ಆ ಸ್ಪ್ಯಾಕ್‌ನ ಷೇರುದಾರರಲ್ಲಿ ಬಹುತೇಕರು ವಿಲೀನಕ್ಕೆ ಮೊದಲೇ ಹಣ ಹಿಂಪಡೆದಿದ್ದರು.

ನಿಯಮಗಳ ಬಿಗಿ

2024ರ ಜನವರಿಯಲ್ಲಿ ಅಮೆರಿಕದ ಷೇರು ನಿಯಂತ್ರಣ ಆಯೋಗ ಹೊಸ ನಿಯಮಗಳನ್ನು ಅಂಗೀಕರಿಸಿತು. ಅದೇ ಜುಲೈ 1ರಿಂದ ಅವು ಜಾರಿಗೆ ಬಂದವು. ಪ್ರವರ್ತಕರಿಗೆ ಸಲ್ಲುವ ಪ್ರತಿಫಲ, ಹಿತಾಸಕ್ತಿ ಸಂಘರ್ಷ, ಷೇರಿನ ಮೌಲ್ಯ ಕರಗುವ ಪ್ರಮಾಣ ಇವನ್ನು ಸ್ಪಷ್ಟವಾಗಿ ಪ್ರಕಟಿಸುವುದು ಈಗ ಕಡ್ಡಾಯ. ಭಾರತದಲ್ಲಿ, ಒಂದು ವರ್ಷದೊಳಗೆ ವ್ಯವಹಾರ ಆರಂಭಿಸದ ಕಂಪೆನಿಯ ಹೆಸರನ್ನು ದಾಖಲೆಯಿಂದ ತೆಗೆದುಹಾಕಲು 2013ರ ಕಂಪೆನಿ ಕಾಯ್ದೆ ಅವಕಾಶ ನೀಡುತ್ತದೆ. ಆದರೆ ಗುಜರಾತಿನ ಗಿಫ್ಟ್ ಸಿಟಿಯ ಅಂತಾರಾಷ್ಟ್ರೀಯ ಹಣಕಾಸು ಕೇಂದ್ರದಲ್ಲಿ 2021ರ ನಿಯಮಾವಳಿಯು ಸ್ಪ್ಯಾಕ್‌ಗಳಿಗೆ ಬಾಗಿಲು ತೆರೆಯಿತು.

ನಿಯಮಗಳು ಸಂಗತಿಯನ್ನು ಬಯಲಿಗಿಡಬಲ್ಲವೇ ಹೊರತು ಓದುವ ಹೊಣೆಯನ್ನು ಹೊರಲಾರವು. ಪ್ರವರ್ತಕರು ಹಾಕಿದ ಹಣವೆಷ್ಟು, ಪಡೆದ ಷೇರುಗಳೆಷ್ಟು, ವಿಲೀನ ಮುರಿದುಬಿದ್ದರೆ ಅವರು ಕಳೆದುಕೊಳ್ಳುವುದೆಷ್ಟು — ಈ 3 ಅಂಕಿಗಳು ಸಿಕ್ಕರೆ, ವಿಲೀನಕ್ಕೆ ಮತ ನೀಡಿರೆಂದು ಅವರು ಕೊಡುವ ಸಲಹೆಗೆ ಎಷ್ಟು ಬೆಲೆ ಕಟ್ಟಬೇಕೆಂಬುದು ಷೇರುದಾರನಿಗೆ ತಿಳಿಯುತ್ತದೆ.